ಜಕ್ಕಪ್ಪನ ಮೋಟಾರ ಸುಟ್ಟದ್ದು

ಜಮಖಂಡಿಯಲ್ಲಿ ಬಿಸಿಗಾಳಿಗೆ ಯಾವ ಕಾಲಕ್ಕೂ ಕೊರತೆ ಬಂದದ್ದಿಲ್ಲ. ಶಿವರಾತ್ರಿ ದಾಟಿತೆಂದರೆ ಮೃಗಶಿರ ಮಳೆ ಬೀಳುವವರೆಗೆ ದೇವರೇ ಪುಕ್ಕಟೆ ಊದುತ್ತಾನೆ, ಯಾರೂ ಅರ್ಜಿ ಹಾಕಬೇಕಾಗಿಲ್ಲ. ಅಂಥ ಊರಿಗೆ, ಗುಂಡಿ ತಿರುವಿದರೆ ಬಿಸಿಗಾಳಿ ಊದುವ ಪೆಟ್ಟಿಗೆ ಇದ್ದ ಗಾಡಿ ತಂದ ಪುಣ್ಯಾತ್ಮ ನಮ್ಮ ಜಕ್ಕಪ್ಪನೊಬ್ಬನೇ.

ಪೂರಾ ಅವನ ತಪ್ಪು ಅನ್ನುವಂತಿಲ್ಲ. ಅದು ಯುದ್ಧದ ಕಾಲದ ಅಮೇರಿಕದ ಪಿಕಪ್ ಗಾಡಿ. ಬೆಳಗಾವಿಯ ಮಿಲಿಟರಿ ಲಿಲಾವಿನಲ್ಲಿ ಯಾರೋ ಸವಾಲು ಕೂಗಿ ಹಿಡಿದು, ನಾಲ್ಕು ವರ್ಷ ಹೊಡೆದು ಬೇಸತ್ತದ್ದನ್ನು ಜಕ್ಕಪ್ಪ ನಲವತ್ತು ಕುರಿ ಕೊಟ್ಟು ಬಿಡಿಸಿಕೊಂಡು ಬಂದಿದ್ದ. ಉಣ್ಣೆ, ಕಂಬಳಿ ಹೇರಿಕೊಂಡು ಬನಹಟ್ಟಿ, ಮುಧೋಳ, ಬೀಳಗಿ ಸಂತೆ ತಿರುಗಿ ಹೊಟ್ಟೆ ಹೊರೆಯುತ್ತಿದ್ದ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಐದು ವರ್ಷವಾಗಿದ್ದರೂ ನಮ್ಮ ಕಡೆ ಎತ್ತಿಲ್ಲದೆ ಓಡುವ ಗಾಡಿಗೆಲ್ಲ ಇನ್ನೂ ಒಂದೇ ಹೆಸರು: ಮೋಟಾರ. ಬಸ್ಸೂ ಮೋಟಾರ, ಕಾರೂ ಮೋಟಾರ, ಜಕ್ಕಪ್ಪನ ಪಿಕಪ್ಪೂ ಮೋಟಾರ. ಈ ಮಾತು ನೆನಪಿಡಬೇಕು. ಜಕ್ಕಪ್ಪ ನೆನಪಿಡಲಿಲ್ಲ, ಅದಕ್ಕೇ ಇಷ್ಟೆಲ್ಲ ಆಯಿತು.

ಸ್ಟೇರಿಂಗಿನ ಬಾಜೂಕೆ, ಕಾಲ ಹತ್ತಿರ ಇದ್ದ ಆ ಪೆಟ್ಟಿಗೆ ಏನು ಅಂತ ಯಾರಾದರೂ ಕೇಳಿದರೆ ಗೊತ್ತಿಲ್ಲ ಅನ್ನುವುದು ಜಕ್ಕಪ್ಪನ ಜಾಯಮಾನದಲ್ಲಿರಲಿಲ್ಲ. "ವಿಲಾಯತಿ ಹವಾ ಐತಿ" ಅನ್ನುತ್ತಿದ್ದ. ಅಂದ ಮೇಲೆ ತೋರಿಸಬೇಕಲ್ಲ. ಚೈತ್ರ ಮಾಸದ ನಡುಮಧ್ಯಾಹ್ನ ಬೀಗರನ್ನು ಬಾಜೂಕೆ ಕೂಡಿಸಿಕೊಂಡು ಗುಂಡಿ ತಿರುವುತ್ತಿದ್ದ. ಎಂಜಿನ್ನಿನ ಬಿಸಿಯೆಲ್ಲ ಬಂದು ಮೊಣಕಾಲಿಗೆ ಬಡಿಯುತ್ತಿತ್ತು. ಬೀಗರು ತಲೆಯ ಪಟಕ ಬಿಚ್ಚಿ ಮೋರೆ ಒರೆಸಿಕೊಳ್ಳುತ್ತ "ಛಲೋ ಐತ್ರಿ" ಅನ್ನುತ್ತಿದ್ದರು. ಜಕ್ಕಪ್ಪನೂ ಬೆವರುತ್ತ "ಹೌದ ಮತ್ತ" ಅನ್ನುತ್ತಿದ್ದ.

ಆದರೆ ಎಂಥ ಪೆಟ್ಟಿಗೆಗೂ ಒಂದು ಕಾಲ ಬರುತ್ತದೆ. ಜಕ್ಕಪ್ಪನ ಮಗಳು ಶೇವಂತಿಯನ್ನು ಬೀಳಗಿಯ ಲಗಮಣ್ಣನ ಮಗ ಪರಮಾನಂದನಿಗೆ ಕೊಡುವ ಮಾತು ನಡೆದಿತ್ತು. ಹುಡುಗ ಉಣ್ಣೆ ತೂಕ ಮಾಡಲು ಎರಡು ಸಲ ಜಕ್ಕಪ್ಪನ ಮನೆಗೆ ಬಂದುಹೋಗಿದ್ದ. ಎರಡನೆಯ ಸಲ ಅವನು ಹೋದ ಮೇಲೆ ಶೇವಂತಿ ರೊಟ್ಟಿ ಬಡಿಯುತ್ತ ಹಾಡತೊಡಗಿದಳು. ಅವಳ ತಾಯಿ ಸಾತವ್ವ ಗಂಡನನ್ನು ಹಿತ್ತಿಲಿಗೆ ಕರೆದು "ಹುಡುಗಿ ಮನಸು ಅಲ್ಲೇ ಐತಿ. ಈ ಮನಿ ತಪ್ಪಸಬ್ಯಾಡ" ಅಂತ ಸ್ಪಷ್ಟವಾಗಿ ಹೇಳಿದ್ದಳು.

ತಪ್ಪಿಸುವವಳು ಒಬ್ಬಳೇ ಇದ್ದಳು. ಹುಡುಗನ ಅಜ್ಜಿ ಹೊಳೆವ್ವ. ಆ ಮನೆಯಲ್ಲಿ ಅವಳು ಹೂಂ ಅನ್ನದೆ ಕುರಿ ಸಹ ಮರಿ ಹಾಕುತ್ತಿರಲಿಲ್ಲ ಅಂತ ಮಂದಿ ಹೇಳುತ್ತಿದ್ದರು. ಹುಡುಗಿಯನ್ನು ತಾನೇ ನೋಡಬೇಕು ಅನ್ನುವಾಕೆ. ಆದರೆ ಮೊಣಕಾಲು ಹಿಡಿದು ಮೂರು ವರ್ಷದಿಂದ ಹೊಸ್ತಿಲು ದಾಟಿರಲಿಲ್ಲ. ಪುಷ್ಯ ಮಾಸದ ಚಳಿಯಲ್ಲಿ ಜಕ್ಕಪ್ಪ ಬೀಳಗಿಗೆ ಹೋದಾಗ ಅವಳನ್ನು ಎತ್ತಿ ಗಾಡಿಯಲ್ಲಿ ಕೂಡಿಸಿ, ಅರ್ಧ ತಾಸು ಬಿಸಿಗಾಳಿ ಬಿಟ್ಟ. ಮರುದಿನ ಹೊಳೆವ್ವ ತಾನೇ ಬಾವಿಗೆ ನಡೆದು ಹೋಗಿ, ಅಲ್ಲಿದ್ದ ನಾಲ್ವರಿಗೆ ಬೈದು ಬಂದಳು.

"ಆ ಬಿಸಿಗಾಳಿ ಮೋಟಾರ ತಗೊಂಡು ಸೋಮವಾರ ಬಾ. ಅದರಾಗ ಕುಂತ ಜಮಖಂಡಿಗೆ ಬರತೀನಿ, ಹುಡುಗೀನ ನೋಡತೀನಿ," ಅಂದಳು, ರಾತ್ರಿ ಅಲ್ಲೇ ಉಳಿದಿದ್ದ ಜಕ್ಕಪ್ಪನಿಗೆ. "ಸೋಮವಾರ ತಪ್ಪಿತಂದ್ರ ಗುರುವಾರ ರಬಕವಿಯವರು ತಮ್ಮ ಹುಡುಗೀನ ಇಲ್ಲಿಗೇ ಕರಕೊಂಡು ಬರತೀವಿ ಅಂದಾರ."

"ಸೂರ್ಯಾ ತಪ್ಪಿದರೂ ಜಕ್ಕಪ್ಪ ತಪ್ಪಂಗಿಲ್ರಿ ಆಯಿ," ಅಂದ ಜಕ್ಕಪ್ಪ.

ಅದರ ಹಿಂದಿನ ಗುರುವಾರ ಮುಂಜಾನೆ ಪೆಟ್ಟಿಗೆ ಸರಿ ಇದೆಯೋ ಇಲ್ಲವೋ ನೋಡೋಣ ಅಂತ ಗುಂಡಿ ತಿರುವಿದ. ಒಳಗಿಂದ ಕರ್ ಅಂತ ಸಪ್ಪಳ ಬಂತು, ಹಿಂದೆಯೇ ಹೊಗೆ ಬಂತು, ಆಮೇಲೆ ಏನೂ ಬರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಗಾಡಿ ರಿಪೇರಿ ಮಾಡುತ್ತಿದ್ದ ಹುಲೆಪ್ಪ ಬಂದು ಪೆಟ್ಟಿಗೆ ಬಿಚ್ಚಿದ. ಮುಷ್ಟಿಯಷ್ಟು ದಪ್ಪನೆಯ ಕರಿ ಗುಂಡೊಂದನ್ನು ಹೊರಗೆ ತೆಗೆದು ಮೂಸಿ ನೋಡಿದ.

"ಗಾಡಿಗೇನೂ ಆಗಿಲ್ಲ. ಬಿಸಿನೀರಿನ ಕೊಳವಿ ಛಲೋ ಅದಾವ. ಗಾಳಿ ಊದೋ ಪಂಖಾ ತಿರುಗಸತೈತಲ್ಲ, ಈ ಸಣ್ಣ ಮೋಟಾರ, ಇದು ಸುಟ್ಟೈತಿ. ಬ್ಯಾರೇದು ಹುಡಕಬೇಕು."

ಜಕ್ಕಪ್ಪ ಅಂಗಳದಿಂದಲೇ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ: "ಸಾತವ್ವಾ, ಮೋಟಾರ ಸುಟ್ಟೋತು."

ಬಾಜೂ ಮನೆಯ ಸುಂದರವ್ವ ಗೋಡೆಯ ಆಚೆ ಸೆಗಣಿ ಕುಳ್ಳು ತಟ್ಟುತ್ತಿದ್ದಳು. ಗೋಡೆ ಎತ್ತರ ಇದ್ದುದರಿಂದ ಅವಳಿಗೆ ಗಾಡಿ ಕಾಣಲಿಲ್ಲ, ಹೊಗೆ ಮಾತ್ರ ಕಂಡಿತು. ಕೈ ತೊಳೆಯದೆಯೇ ಎದ್ದು ಬೀದಿಗೆ ಓಡಿದಳು. ಸುಂದರವ್ವನಿಗೆ ಒಂದು ಸುದ್ದಿ ಸಿಕ್ಕಿತೆಂದರೆ ಅದನ್ನು ಆರಲು ಬಿಡುವ ಹೆಣ್ಣುಮಗಳೇ ಅಲ್ಲ. ಮಧ್ಯಾಹ್ನ ಎನ್ನುವುದರೊಳಗೆ ಹುನ್ನೂರಿನಿಂದ ಜಕ್ಕಪ್ಪನ ಸೋದರತ್ತೆ ಲಗಮವ್ವ ಏಳು ಮಂದಿಯನ್ನು ಕಟ್ಟಿಕೊಂಡು, ಓಣಿಯ ಕೊನೆಯಿಂದಲೇ ಅಳುತ್ತ ಬಂದಳು.

"ನಲವತ್ತು ಕುರಿ ಕೊಟ್ಟು ತಂದ ಮೋಟಾರ, ಸುಟ್ಟು ಬೂದಿ ಆತಲ್ಲೋ ನನ್ನಪ್ಪಾ," ಅಂತ ರಾಗ ಎಳೆಯುತ್ತ ಬಂದವಳು ಆಸರೆಗೆ ಅಂತ ಕೈ ಇಟ್ಟದ್ದು ಅದೇ ಗಾಡಿಯ ಮೇಲೆ.

"ಅತ್ತಿ, ನೀ ಕೈ ಇಟ್ಟದ್ದ ಗಾಡಿ," ಅಂದ ಜಕ್ಕಪ್ಪ.

ಲಗಮವ್ವ ಕಣ್ಣೊರೆಸಿಕೊಂಡು ಮೇಲಿಂದ ಕೆಳಗೆ ನೋಡಿದಳು. "ಸುಟ್ಟರೂ ಎಷ್ಟ ಚಂದ ಕಾಣತೈತಿ," ಅಂದು ಮತ್ತೆ ಅಳು ಎತ್ತಿಕೊಂಡಳು. ನಾಲ್ಕು ಮೈಲು ನಡೆದು ಬಂದವರು ಅರ್ಧಕ್ಕೇ ನಿಲ್ಲಿಸುವುದು ರೀತಿಯಲ್ಲ.

ಜಕ್ಕಪ್ಪ ತಿಳಿಸಿ ಹೇಳಿದ. "ನೋಡ್ರಿ, ಗಾಡಿ ಅಂದ್ರ ಗಾಡಿ. ಮೋಟಾರ ಅಂದ್ರ ಗಾಡಿ ಅಲ್ಲ. ಮೋಟಾರ ಅಂದ್ರ ಗಾಡಿಯೊಳಗಿನ ಸಣ್ಣ ಮೋಟಾರ." ಎಂಟೂ ಮಂದಿ ತಲೆಯಾಡಿಸಿದರು. ಪಾಪ, ಬೆಂಕಿ ಕಂಡು ತಲೆ ಕೆಟ್ಟಿದೆ, ಅಂತ ಲಗಮವ್ವ ಸಾತವ್ವನ ಕಿವಿಯಲ್ಲಿ ಹೇಳಿ ಅವನ ತಲೆಗೆ ಎಣ್ಣೆ ಹಚ್ಚಿಸಿದಳು.

ಎಣ್ಣೆ ಹಚ್ಚಿಸಿಕೊಂಡು ಕೂತಿದ್ದಾಗಲೇ ಹವಾಲ್ದಾರ ಗಿರಮಲ್ಲಪ್ಪ ಬಂದ. ಹೊಸ ಸರಕಾರದಲ್ಲಿ ಏನು ಸುಟ್ಟರೂ ಕಾಗದವಾಗಬೇಕು ಅನ್ನುವುದು ಅವನ ನಂಬಿಕೆ. ಐದು ಮಂದಿ ಪಂಚರನ್ನು ದಾರಿಯಲ್ಲೇ ಹಿಡಿದುಕೊಂಡು ಬಂದಿದ್ದ.

"ಸುಟ್ಟ ಮೋಟಾರ ಎಲ್ಲಿ?"

ಜಕ್ಕಪ್ಪ ಪ್ರಾಮಾಣಿಕ ಮನುಷ್ಯ. ಆ ಕರಿ ಗುಂಡನ್ನು ಅಂಗೈಮೇಲೆ ಇಟ್ಟು ತೋರಿಸಿದ. "ಇದ ನೋಡ್ರಿ ಸಾಹೇಬ್ರ."

ಗಿರಮಲ್ಲಪ್ಪ ಬಹಳ ಹೊತ್ತು ಅದನ್ನು ನೋಡಿದ. ಟೊಪ್ಪಿಗೆ ತೆಗೆದ. "ಉಳದದ್ದು ಇಷ್ಟೇನು?"

"ಇಷ್ಟ ರೀ."

"ಭಾಳ ಜೋರ್ ಬೆಂಕಿ," ಅಂದ ಹವಾಲ್ದಾರ. ಬರೆಯಲು ಗಟ್ಟಿ ಜಾಗ ಬೇಕಲ್ಲ, ಎದುರಿಗೆ ನಿಂತಿದ್ದ ಪಿಕಪ್ಪಿನ ಬಾನೆಟ್ಟಿನ ಮೇಲೆ ಕಾಗದ ಹಾಸಿ ಪಂಚನಾಮೆ ಬರೆದ: ಸದರಿ ಮೋಟಾರ ಸಂಪೂರ್ಣ ಸುಟ್ಟಿದ್ದು, ಮುಷ್ಟಿಗಾತ್ರದ ಕಬ್ಬಿಣ ಮಾತ್ರ ಉಳಿದಿರುತ್ತದೆ. ಇಬ್ಬರು ಸಹಿ ಮಾಡಿದರು, ಮೂವರು ಹೆಬ್ಬೆಟ್ಟು ಒತ್ತಿದರು. ಜಕ್ಕಪ್ಪ ಹೇಳಿದ ನಂಬರು ಬರೆದುಕೊಳ್ಳುವಾಗ ಮಾತ್ರ ಗಿರಮಲ್ಲಪ್ಪನ ಕಣ್ಣು ಬಾನೆಟ್ಟಿನ ಕೆಳಗಿದ್ದ ನಂಬರಿನ ಪಟ್ಟಿಯ ಮೇಲೆ ಬಿತ್ತು. ಎರಡೂ ಒಂದೇ.

"ಇದು ಯಾರ ಗಾಡಿ?"

"ನಂದ ರೀ. ನಾ ಅದನ್ನ ಹೇಳಾಕತ್ತೇನಿ, ಗಾಡಿ ಸುಟ್ಟಿಲ್ಲ."

ಗಿರಮಲ್ಲಪ್ಪ ಕಾಗದ ನೋಡಿದ, ಗಾಡಿ ನೋಡಿದ. ಎರಡರಲ್ಲಿ ಒಂದು ಸುಳ್ಳಾಗಬೇಕು, ಕಾಗದವಂತೂ ಸರಕಾರದ್ದು. "ಸಹಿ ಆಗೇತಿ," ಅಂದ. "ಈ ಗಾಡಿ ಸುಟ್ಟೈತಿ. ಸುಟ್ಟ ಗಾಡಿ ರಸ್ತೆ ಮ್ಯಾಲ ತರೂದು ಕಾಯ್ದೆಕ್ಕ ವಿರುದ್ಧ. ತಂದ್ರ ಹಿಡೀತೀನಿ." ಕಾಗದ ಮಡಚಿ ಜೇಬಿಗಿಟ್ಟು, ಸುಟ್ಟ ಗಾಡಿಗೆ ಒರಗಿ ಸಾತವ್ವ ಕೊಟ್ಟ ಚಹಾ ಕುಡಿದು ಹೋದ.

ಆ ಸಂಜೆ ಶೇವಂತಿ ರೊಟ್ಟಿ ಬಡಿಯುವಾಗ ಹಾಡಲಿಲ್ಲ. ಜಕ್ಕಪ್ಪ ಎರಡು ಸಲ ಅಡುಗೆಮನೆಯ ಬಾಗಿಲಿಗೆ ಬಂದು ಕಿವಿಗೊಟ್ಟು ನೋಡಿದ. ಮೂರನೆಯ ಸಲ ಒಳಗೆ ಹೋಗಿ "ಸೋಮವಾರ ಅಂದ್ರ ಸೋಮವಾರ. ನಿಮ್ಮಪ್ಪ ಅದಾನ," ಅಂದ. ಶೇವಂತಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಅವನು ಮೊದಲು ಮಾಡಿದ ಕೆಲಸ ಬೀಳಗಿಗೆ ತಾರು ಕಳಿಸಿದ್ದು. ಬೀಗರು ಸುಂದರವ್ವನ ಕಡೆಯಿಂದ ಸುದ್ದಿ ಕೇಳಿ ಗಾಬರಿಯಾಗಬಾರದಲ್ಲ. "ಒಳಗಿನ ಸಣ್ಣ ಮೋಟಾರ ಸುಟ್ಟೈತಿ, ಚಿಂತಿ ಮಾಡಬ್ಯಾಡ್ರಿ, ಅದರ ಜಾಗಾಕ ಹೊಸಾ ಮೋಟಾರ ಹಾಕ್ಕೊಂಡು ಸೋಮವಾರ ತಪ್ಪದ ಬರತೀನಿ" ಅಂತ ಅವನು ಹೇಳಿದ್ದು. ತಾರಿನ ಗುಮಾಸ್ತ, ಇಷ್ಟೆಲ್ಲ ತಂತಿಯಲ್ಲಿ ಹಿಡಿಯುವುದಿಲ್ಲ ಅಂತ, ಇಂಗ್ಲಿಷಿನಲ್ಲಿ ಐದು ಮಾತಿಗೆ ಇಳಿಸಿದ. ಬೀಳಗಿಯ ಸಾಲಿ ಮಾಸ್ತರರು ಅದನ್ನು ಲಗಮಣ್ಣನ ಅಂಗಳದಲ್ಲಿ ನಿಂತು ಓದಿ ಹೇಳಿದ್ದು ಹೀಗೆ: "ಮೋಟಾರ ಸುಟ್ಟಿತು. ಸೋಮವಾರ ಹೊಸ ಮೋಟಾರ."

ತಾರು ಅಂದಕೂಡಲೇ ಯಾರೋ ಸತ್ತರು ಅಂತ ಅಳಲು ಸುರು ಮಾಡಿದ್ದ ಹೆಂಗಸರು ಅಳು ನಿಲ್ಲಿಸಿದರು. ಒಂದು ಮೋಟಾರ ಸುಟ್ಟ ನಾಲ್ಕೇ ದಿನಕ್ಕೆ ಇನ್ನೊಂದು ಹೊಸ ಮೋಟಾರ ತರುವ ಬೀಗ ಅಂದರೆ ಸಾಮಾನ್ಯನೇ? ಲಗಮಣ್ಣ ಪಟಕ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡ. ಹೊಸ ಮೋಟಾರದ ಪೂಜೆ ತಮ್ಮ ಅಂಗಳದಲ್ಲೇ ಆಗಲಿ ಅಂತ ತೆಂಗಿನಕಾಯಿ, ಬೀರದೇವರ ಭಂಡಾರದ ಅರಿಷಿಣ ತರಿಸಿದ. ಮೋಟಾರದ ಮೂತಿಯ ತುಂಬ ಬರಬೇಕು ಅಂತ ಎಂಟು ಮೊಳದ ಚಂಡುಹೂವಿನ ಹಾರ ಕಟ್ಟಲು ಹೇಳಿದ.

ಇತ್ತ ಜಕ್ಕಪ್ಪ ಹುಲೆಪ್ಪನನ್ನು ಕರೆದುಕೊಂಡು ಬಸ್ಸಿನಲ್ಲಿ ಮುಧೋಳಕ್ಕೆ ಹೋದ. ಬಸ್ಸಿನಲ್ಲಿ ಮೂವರು ಅವನಿಗೆ ಸಮಾಧಾನ ಹೇಳಿದರು, ಮೂವರಿಗೂ ಅವನು ಗಾಡಿಗೂ ಮೋಟಾರಕ್ಕೂ ಇರುವ ಭೇದ ತಿಳಿಸಿದ. ಮುಧೋಳದ ಹಳೇ ಕಬ್ಬಿಣದ ಅಂಗಡಿಯಲ್ಲಿ ಇಡೀ ದಿನ ಗುಜರಿ ಮಗುಚಿದರು. ಹೊಲಿಗೆ ಯಂತ್ರದ ಗಾಲಿ ಸಿಕ್ಕಿತು, ಒಡೆದ ಗ್ರಾಮಾಫೋನು ಸಿಕ್ಕಿತು, ಊದುವ ಮೋಟಾರ ಮಾತ್ರ ಸಿಗಲಿಲ್ಲ. ಕೊನೆಗೆ ಹುಲೆಪ್ಪನ ಕೈಗೆ ಹಿತ್ತಾಳೆಯ ಬಾಯಿಯ ಒಂದು ಹಾರ್ನು ಬಂತು. ಹಿಂದಿನ ಕಾಲದ ಕಾರುಗಳಲ್ಲಿ ಇರುತ್ತಿತ್ತಲ್ಲ, ಗುಂಡಿ ಒತ್ತಿದರೆ ಒಳಗೆ ಮೋಟಾರ ತಿರುಗಿ ಕೂಗುವ ಜಾತಿಯದು.

"ಇದ ಆಗತೈತಿ," ಅಂದ ಹುಲೆಪ್ಪ.

"ಲೇ, ಇದು ಕೂಗೋ ಮೋಟಾರ. ನಮಗ ಬೇಕಾದ್ದು ಊದೋದು."

"ಕೂಗೋದೂ ಗಾಳೀನ, ಊದೋದೂ ಗಾಳೀನ," ಅಂದ ಹುಲೆಪ್ಪ. ಜಕ್ಕಪ್ಪನಿಗೆ ಈ ಮಾತಿನಲ್ಲಿ ಎಲ್ಲೂ ದೋಷ ಕಾಣಲಿಲ್ಲ.

ಶನಿವಾರ, ರವಿವಾರ ಎರಡು ದಿನ ಕೆಲಸ ನಡೆಯಿತು. ಹುಲೆಪ್ಪ ಹಾರ್ನಿನ ಬಾಯಿ ಕಿತ್ತು ಮೋಟಾರ ಬಿಡಿಸಿದ, ಅದರ ಕಡ್ಡಿಗೆ ಹಳೆಯ ಪಂಖಾ ಕೂಡಿಸಿದ. ಕಡ್ಡಿ ದಪ್ಪವಾಯಿತು ಅಂತ ಕಾನಸು ಹಾಕಿ ಉಜ್ಜಿದ, ಸಣ್ಣದಾಯಿತು ಅಂತ ತಂತಿ ಸುತ್ತಿದ. ನಟ್ಟು ತಿರುವುವ ಪಾನಾ ಬೇಕಾದ ಹೊತ್ತಿಗೆ ಕೈಗೆ ಕೊಡುತ್ತ ಶೇವಂತಿ ಬಾಜೂಕೆ ಕೂತಿದ್ದಳು. ಮೂರನೆಯ ಸಲ ಬಿಚ್ಚುವ ಹೊತ್ತಿಗೆ ಹುಲೆಪ್ಪ ಕೇಳುವ ಮೊದಲೇ ಕೊಡತೊಡಗಿದಳು. ರವಿವಾರ ಸಂಜೆ ಗುಂಡಿ ತಿರುವಿದಾಗ ಗಾಳಿ ಬಂತು. ಗಾಳಿಯ ಸಂಗಡ ಒಂದು ಕೂಗೂ ಬಂತು. ಹಾರ್ನಿನ ಹಳೆಯ ರೂಢಿ ಪೂರಾ ಹೋಗಿರಲಿಲ್ಲ. ಮುದಿ ಟಗರು ಅಸಮಾಧಾನದಿಂದ ಕೂಗಿದಂತೆ ಇತ್ತು.

"ಬಿಸಿ ಇದ್ದದ್ದು ಗೊತ್ತಾಗಬೇಕಲ್ಲ," ಅಂದ ಜಕ್ಕಪ್ಪ.

ಸೋಮವಾರ ಬೆಳಗಾಗುವ ಮೊದಲು ಗಿರಮಲ್ಲಪ್ಪ ಏಳುವುದಿಲ್ಲ ಅನ್ನುವ ಧೈರ್ಯದ ಮೇಲೆ ಜಕ್ಕಪ್ಪ ಊರು ಬಿಟ್ಟ. ಬೀಳಗಿಯ ಅಗಸಿ ಬಾಗಿಲಲ್ಲಿ ಡೊಳ್ಳಿನವರು ನಿಂತಿದ್ದರು. ಅವನ ಗಾಡಿ ಬಂದದ್ದನ್ನು ನೋಡಿ, ಬಾಜೂಕೆ ಸರಿದು ದಾರಿ ಬಿಟ್ಟು, ಹೊಸ ಮೋಟಾರ ಹಿಂದೆ ಬರುತ್ತಿರಬೇಕು ಅಂತ ರಸ್ತೆ ನೋಡುತ್ತ ನಿಂತರು. ಲಗಮಣ್ಣನ ಅಂಗಳದಲ್ಲಿ ಅರ್ಧ ಊರೇ ಇತ್ತು. ಎಂಟು ಮೊಳದ ಹಾರ ಹಿಡಿದುಕೊಂಡು ಪರಮಾನಂದ ನಿಂತಿದ್ದ.

"ಹೊಸಾ ಮೋಟಾರ ಎಲ್ಲೈತ್ರಿ?" ಅಂದ ಲಗಮಣ್ಣ.

"ಒಳಗೈತಿ," ಅಂದ ಜಕ್ಕಪ್ಪ, ಎದೆ ಮುಂದೆ ಮಾಡಿ.

ಲಗಮಣ್ಣ ಬಗ್ಗಿ ಒಳಗೆ ನೋಡಿದ. ಅವನ ಹಿಂದೆ ಅರ್ಧ ಊರು ಬಗ್ಗಿ ನೋಡಿತು. ಜಕ್ಕಪ್ಪ ಬೆರಳು ಮಾಡಿ ತೋರಿಸಿದ ಮೇಲೆ ಒಬ್ಬರ ಮೋರೆ ಒಬ್ಬರು ನೋಡಿದರು. ಲಗಮಣ್ಣನ ಮೋರೆ ಕೆಂಪಾಯಿತು. "ಇದು ಮೋಟಾರ? ನಾವೇನು ಹುಚ್ಚರ? ತಾರಿನ್ಯಾಗ ಬರದು ಊರ ಮುಂದ ನಮ್ಮ ಮರ್ಯಾದಿ ತಗೀಬೇಕಂತ ಮಾಡೀರೇನು?"

"ಬೀಗರ, ಗಾಡಿ ಅಂದ್ರ ಗಾಡಿ. ಮೋಟಾರ ಅಂದ್ರ ಗಾಡಿ ಅಲ್ಲ..."

"ಗುರುವಾರ ರಬಕವಿಯವರು ಬರತಾರ," ಅಂದ ಲಗಮಣ್ಣ. ಹಾರ ಹಿಡಿದಿದ್ದ ಪರಮಾನಂದನ ಕೈ ಇಳಿಯಿತು.

ಆಗ ಹೊಸ್ತಿಲಿನ ಹತ್ತಿರದಿಂದ ಹೊಳೆವ್ವನ ಧ್ವನಿ ಬಂತು. "ಹೊಸಾ ಗಾಡಿ ನೋಡಾಕ ಕುಂತಾಕಿ ಅಲ್ಲ ನಾ. ನನ್ನ ಮೊಣಕಾಲಿಗೆ ಏನ ಬೇಕು ಅದು ಐತೋ ಇಲ್ಲೋ?"

ಅವಳನ್ನು ಎತ್ತಿ ಕೂಡಿಸಿದರು. ಜಕ್ಕಪ್ಪ ಬೀರದೇವರನ್ನು ನೆನೆದು ಗುಂಡಿ ತಿರುವಿದ. ಮುದಿ ಟಗರು ಕೂಗಿತು. ಬಾಜೂಕಿನ ದೊಡ್ಡಿಯಲ್ಲಿದ್ದ ನೂರಿಪ್ಪತ್ತು ಕುರಿಗಳು ಒಮ್ಮೆಲೇ ಎದ್ದು ಉತ್ತರ ಕೊಟ್ಟವು. ಬಿಸಿಗಾಳಿ ಹೊಳೆವ್ವನ ಮೊಣಕಾಲಿಗೆ ತಾಗಿತು. ಅವಳು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ "ಹೊಸಾದ ಐತಿ," ಅಂದಳು. "ಹಳೇದಕ್ಕ ಇಷ್ಟ ದನಿ ಇದ್ದಿದ್ದಿಲ್ಲ. ಲೇ ಪರಮಾನಂದ, ಹಾರ ಯಾಕ ಹಿಡಕೊಂಡು ನಿಂತೀ? ಮೋಟಾರಕ್ಕ ಹಾಕು."

ಎಂಟು ಮೊಳದ ಹಾರವನ್ನು ಮುಷ್ಟಿಗಾತ್ರದ ಮೋಟಾರಕ್ಕೆ ಹನ್ನೊಂದು ಸುತ್ತು ಸುತ್ತಿದರು. ಭಂಡಾರ ಎರಚಿದರು, ಕಾಯಿ ಒಡೆದರು. ಗಾಡಿ ಹೊರಟಿತು. ಲಗಮಣ್ಣ, ಪರಮಾನಂದ ಹಿಂದೆ ಕಂಬಳಿಯ ಮೇಲೆ ಕೂತರು. ದಾರಿಯುದ್ದಕ್ಕೂ ಪಂಖಾ ಹಾರವನ್ನು ಮೇಯುತ್ತ ಬಂತು. ಬಿಸಿ ಬಿಸಿ ಚಂಡುಹೂವಿನ ಎಸಳು ಹೊಳೆವ್ವನ ಮಡಿಲಿಗೆ ಬೀಳುತ್ತ ಬಂದವು. ಮೂರು ವರ್ಷದ ಮೇಲೆ ಊರಾಚೆಯ ಹೊಲ, ಗಿಡ, ಮಂದಿ ನೋಡುತ್ತಿದ್ದ ಹೊಳೆವ್ವ ಅವನ್ನು ಜಾಡಿಸಲೂ ಇಲ್ಲ. ಜಕ್ಕಪ್ಪ ಅವಳಿಗೆ ಗಾಡಿ ಅಂದರೆ ಏನು, ಮೋಟಾರ ಅಂದರೆ ಏನು ಅಂತ ನಾಲ್ಕು ಸಲ ತಿಳಿಸಿ ಹೇಳಿದ.

ಜಮಖಂಡಿಯ ಸುಂಕದ ನಾಕೆಯಲ್ಲಿ ಗಿರಮಲ್ಲಪ್ಪ ಕೈ ಅಡ್ಡ ಹಾಕಿ ನಿಂತಿದ್ದ. "ಈ ಗಾಡಿ ಸುಟ್ಟೈತಿ. ಕಾಗದ ಐತಿ. ಇಳೀರಿ."

ಹೊಳೆವ್ವ ಕಿಟಕಿಯಿಂದ ಅವನ ಕೈ ಹಿಡಿದು ಒಳಗೆ ಎಳೆದು ಪೆಟ್ಟಿಗೆಯ ಮುಂದೆ ಹಿಡಿದಳು. "ಸುಟ್ಟೈತಿ ಅಂತ ನಾವೂ ಒಪ್ಪತೀವಿ. ಇನ್ನೂ ಬಿಸಿ ಐತಿ ನೋಡು. ಇಂಥಾದ್ದನ್ನ ಮುಟ್ಟಿ ಕೈ ಯಾಕ ಸುಟಗೋತಿ ತಮ್ಮಾ?"

ಗಿರಮಲ್ಲಪ್ಪ ಬಿಸಿಗಾಳಿ ಅನುಭವಿಸಿದ. ಒಳಗಿಂದ ಟಗರು ಕೂಗಿದ್ದನ್ನೂ ಕೇಳಿದ. ತಾನು ಬರೆದ ಕಾಗದ ಖರೆಯಾದದ್ದಕ್ಕೆ ಅವನಿಗೆ ಸಂತೋಷವೇ ಆಯಿತು. "ಪಂಚನಾಮೆಯೊಳಗ ಇದ್ದಾಂಗನ ಐತಿ," ಅಂದು ಕೈ ಹಿಂದೆ ತೆಗೆದುಕೊಂಡ. "ಹೋಗ್ರಿ. ಆರಿದ ಮ್ಯಾಲ ಹಿಡೀತೀನಿ."

ಮನೆಯ ಮುಂದೆ ಗಾಡಿ ನಿಂತರೂ ಹೊಳೆವ್ವ ಇಳಿಯಲು ಒಪ್ಪಲಿಲ್ಲ. ಕಾಲು ಬೆಚ್ಚಗಿದ್ದವು. ಹುಡುಗಿಯನ್ನು ಇಲ್ಲಿಗೇ ಕರೆಯಿರಿ ಅಂದಳು. ಓಣಿಯೆಲ್ಲ ಸೇರಿತು, ಸುಂದರವ್ವ ಗೋಡೆ ಹತ್ತಿ ಕೂತಳು. ಹುನ್ನೂರಿನ ಲಗಮವ್ವ ಇನ್ನೂ ಹೋಗಿರಲಿಲ್ಲ. ಶೇವಂತಿ ಇಲಕಲ್ಲ ಸೀರೆ ಉಟ್ಟು, ಚಹಾದ ತಾಟು ಹಿಡಿದು ಬಂದು ಗಾಡಿಯ ಬಾಗಿಲಿಗೆ ನಿಂತಳು. ಅದೇ ಹೊತ್ತಿಗೆ ಮೋಟಾರ ಹೂಂ ಅಂತ ನರಳಿ ನಿಂತುಬಿಟ್ಟಿತು.

ಜಕ್ಕಪ್ಪ ಗುಂಡಿಯನ್ನು ಆ ಕಡೆ ತಿರುವಿದ, ಈ ಕಡೆ ತಿರುವಿದ, ಪೆಟ್ಟಿಗೆಗೆ ಕೈಮುಗಿದ. ಏನೂ ಆಗಲಿಲ್ಲ. ಶೇವಂತಿ ತಾಟನ್ನು ತಂದೆಯ ಕೈಗೆ ಕೊಟ್ಟಳು. ಸೆರಗು ಸಿಕ್ಕಿಸಿ ಗಾಡಿಯ ಮೆಟ್ಟಿಲ ಮೇಲೆ ಮೊಣಕಾಲೂರಿದಳು. ಗುಂಡಿ ಬಂದ್ ಮಾಡಿ, ತಲೆಯ ಪಿನ್ನು ತೆಗೆದು, ಪಂಖಾದ ಸಂದಿಯಿಂದ ಹಾರದ ದಾರ ಎಳೆಯತೊಡಗಿದಳು. ಮೊಳ, ಎರಡು ಮೊಳ, ಎಳೆದಷ್ಟೂ ಬಂತು. ಪಂಖಾಕ್ಕೆ ಬೆರಳಿನಿಂದ ಒಂದು ತಟ್ಟು ಕೊಟ್ಟು ಗುಂಡಿ ತಿರುವಿದಳು. ಟಗರು ಕೂಗಿತು.

ಹೊಳೆವ್ವ ಹುಡುಗಿಯ ಮೋರೆ ನೋಡಲಿಲ್ಲ, ಕೈ ಹಿಡಿದು ನೋಡಿದಳು. ಬೆರಳಿಗೆಲ್ಲ ಕರಿ ಗ್ರೀಸು ಹತ್ತಿತ್ತು. "ಯಾರ ಕಲಿಸಿದರು?"

"ನೋಡಿ ಕಲತೇನ್ರಿ ಆಯಿ."

"ಲಗಮಣ್ಣಾ, ರಬಕವಿಯವರಿಗೆ ಬರಬ್ಯಾಡ ಅಂತ ಹೇಳಿ ಕಳಸು," ಅಂದಳು ಹೊಳೆವ್ವ. ಸಾತವ್ವನ ಕಣ್ಣಲ್ಲಿ ನೀರು ಬಂತು. ಪರಮಾನಂದ ಗಾಡಿಯ ಹಿಂದೆ ನಿಂತು ಸುಮ್ಮನೆ ನಗುತ್ತಿದ್ದ. ಆಮೇಲೆ ಹೊಳೆವ್ವ ಜಕ್ಕಪ್ಪನ ಕಡೆ ತಿರುಗಿದಳು. "ಒಂದ ಮಾತು. ಹುಡುಗಿ ಸಂಗಾಟ ಈ ಮೋಟಾರ ನಮಗ ಕೊಡಬೇಕು."

ಸಾತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಕ್ಕಪ್ಪ ತನ್ನ ಪಿಕಪ್ಪನ್ನು ನೋಡಿದ. ನಲವತ್ತು ಕುರಿ ಕೊಟ್ಟು ತಂದದ್ದು. ಅದಿಲ್ಲದಿದ್ದರೆ ನಾಳೆ ಕಂಬಳಿಯ ಗಂಟು ತಲೆಯ ಮೇಲೆ ಹೊತ್ತು ಬನಹಟ್ಟಿಗೆ ನಡೆಯಬೇಕು. ಮಗಳನ್ನು ನೋಡಿದ. ಅವಳು ಬೇಡ ಅಂತ ತಲೆಯಾಡಿಸುತ್ತಿದ್ದಳು.

"ಕೊಟ್ಟೆ," ಅಂದ ಜಕ್ಕಪ್ಪ. ಚಹಾದ ತಾಟನ್ನು ಬಾನೆಟ್ಟಿನ ಮೇಲೆ ಇಟ್ಟು, ಗಾಡಿ ಬಂದ್ ಮಾಡಿ ಕೀಲಿ ತೆಗೆದು ಹೊಳೆವ್ವನ ಮಡಿಲಲ್ಲಿ, ಚಂಡುಹೂವಿನ ಎಸಳಿನ ಮೇಲೆ ಇಟ್ಟ.

ಹೊಳೆವ್ವ ಕೀಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಇದೇನೋ?"

"ಮೋಟಾರದ ಕೀಲಿ ರೀ ಆಯಿ."

"ಗಾಡಿ ಅಂದ್ರ ಗಾಡಿ, ಮೋಟಾರ ಅಂದ್ರ ಗಾಡಿ ಅಲ್ಲ ಅಂತ ಬೀಳಗಿಯಿಂದ ಇಲ್ಲೀತನಕ ನನ್ನ ಕಿವಿ ಕೊರದಾಂವ ನೀನ ಹೌದಲ್ಲ?"

ಜಕ್ಕಪ್ಪ ಹೌದು ಅಂತ ತಲೆಯಾಡಿಸಿದ.

"ನನಗ ಬೇಕಾದ್ದು ಒಳಗ ಕೂಗೂದು. ಬ್ಯಾಟ್ರಿ ಹಚ್ಚಿ ಕೆಂಡದ ಶೆಗಡಿ ಮುಂದ ಇಟಗೋತೀನಿ. ಕೆಟ್ಟರ ನನ್ನ ಮೊಮ್ಮಗನ ಹೆಂಡತಿ ನೋಡಕೋತಾಳ." ಹೊಳೆವ್ವ ಕೀಲಿಯನ್ನು ಅವನ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದಳು. "ನಿನ್ನ ಗಾಡಿ ತಗೊಂಡು ಏನ ಮಾಡಲೋ ತಮ್ಮಾ. ಅದು ಸುಟ್ಟು ನಾಕು ದಿನ ಆತು."